ಅವಳದೇ ಸಹಿ

ಅರ್ಜಿ ತುಂಬಿದ್ದು ಹೋಟೆಲಿನ ಏಳನೇ ಟೇಬಲಿನಲ್ಲಿ. ಮಧ್ಯಾಹ್ನದ ಊಟ ಮುಗಿದು, ಸಂಜೆಯ ಬನ್ಸಿಗೆ ಎಣ್ಣೆ ಇಡಲು ಇನ್ನೂ ಒಂದು ಗಂಟೆ ಇತ್ತು. ಮದರಾಸಿನ ಗಿಂಡಿಯಲ್ಲಿ ಆ ಹೊತ್ತಿಗೆ ಕಾಫಿಗೂ ಜನ ಇರುವುದಿಲ್ಲ. ಇಂಡಸ್ಟ್ರಿಯಲ್ ಎಸ್ಟೇಟಿನವರು ಎಸ್ಟೇಟಿನೊಳಗೆ, ರೈಲಿನವರು ರೈಲಿನಲ್ಲಿ. ಕೋರ್ಟಿನಿಂದ ಬಂದ ವೀಕ್ಷಾ ಕರಿಕೋಟನ್ನು ಕುರ್ಚಿಯ ಬೆನ್ನಿಗೆ ಹಾಕಿ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಅಪ್ಪ ಬಾಬಣ್ಣ ಕ್ಯಾಶಿನಲ್ಲಿದ್ದ.

"ಅಪ್ಪ, ಇಲ್ಲೊಂದು ಪ್ರಶ್ನೆ ಉಂಟು. ನನ್ನ ಮೇಲೆ ಯಾವತ್ತಾದ್ರೂ ಕ್ರಿಮಿನಲ್ ಕೇಸು ಇತ್ತಾ, ಶಿಕ್ಷೆ ಆಗಿದೆಯಾ ಅಂತ ಕೇಳ್ತಾರೆ. ಎಂತ ಬರೆಯುದು?"

"ಬರಿ ಮಗಾ, ಉಂಟು ಅಂತಲೇ ಬರಿ. ಮೂರನೇ ಕ್ಲಾಸಿನವರೆಗೆ ದಿನಾ ಹಾಲನ್ನು ವಾಶ್ ಬೇಸಿನಿಗೆ ಚೆಲ್ಲಿದ ಕೇಸು. ಸಾಕ್ಷಿ ಶೀನ."

ಮೂವತ್ತು ವರ್ಷದಿಂದ ಬಾಬಣ್ಣನ ಜೊತೆಗಿದ್ದ ಸಪ್ಲಾಯರ್ ಶೀನ ಟೇಬಲ್ ಒರೆಸುತ್ತಿದ್ದವನು ನಿಂತಲ್ಲಿಂದಲೇ ಕೈ ಎತ್ತಿದ. "ನಾನು ಕಣ್ಣಾರೆ ಕಂಡದ್ದು ಸ್ವಾಮಿ. ಸುಳ್ಳು ಹೇಳುದಿಲ್ಲ."

ವೀಕ್ಷಾ ನಕ್ಕಳು. 'ಇಲ್ಲ' ಎಂದಿರುವಲ್ಲಿ ಒತ್ತಿದಳು. ಮುಂದಿನ ಪ್ರಶ್ನೆಗೆ ಹೋದಳು.

ಬಾಬಣ್ಣನಿಗೆ ಆಗ ನಿಜವಾಗಿ ಏನೂ ನೆನಪಾಗಲಿಲ್ಲ. ಇದನ್ನು ಅವನು ಆಮೇಲೆ ಎಷ್ಟು ದೇವರ ಮುಂದೆ ಹೇಳಿಕೊಂಡನೋ ಲೆಕ್ಕವಿಲ್ಲ.

ಅರ್ಜಿ ಹಾಕಿದ್ದು ಅಸಿಸ್ಟೆಂಟ್ ಪಬ್ಲಿಕ್ ಪ್ರಾಸಿಕ್ಯೂಟರ್ ಕೆಲಸಕ್ಕೆ. ಅಂದರೆ ಕ್ರಿಮಿನಲ್ ಕೋರ್ಟಿನಲ್ಲಿ ಸರ್ಕಾರದ ಪರವಾಗಿ ನಿಲ್ಲುವ ವಕೀಲೆ. ಐದು ವರ್ಷ ಕ್ರಿಮಿನಲ್ ಕೋರ್ಟಿನಲ್ಲಿ ವಕಾಲತ್ತು ಮಾಡಿದವರು ಮಾತ್ರ ಅರ್ಜಿ ಹಾಕಬಹುದು. ಮೊದಲು ಒಂದು ಪರೀಕ್ಷೆ, ಅದರ ಮೇಲೆ ದೊಡ್ಡ ಪರೀಕ್ಷೆ, ಆಮೇಲೆ ಸಂದರ್ಶನ. "ಕಳ್ಳನ ಪರ ನಿಂತರೆ ಫೀಸು ಸಿಗ್ತದೆ, ಸರ್ಕಾರದ ಪರ ನಿಂತರೆ ಸಂಬಳ ಮಾತ್ರ. ಬುದ್ಧಿ ಇದ್ದವರು ಮಾಡುವ ಕೆಲಸವಾ ಇದು?" ಎಂದು ಬಾಬಣ್ಣ ಮೊದಮೊದಲು ತಮಾಷೆ ಮಾಡಿದ್ದುಂಟು. ಆಗ ವೀಕ್ಷಾ ಅವನಿಗೆ ಎಣ್ಣೂರಿನ ಹೆಂಗಸಿನ ಕಥೆ ಹೇಳಿದಳು.

ಮೀನು ಮಾರುವ ಹೆಂಗಸು. ನೆರೆಯವನು ಕಬ್ಬಿಣದ ಸಲಾಕೆಯಿಂದ ಹೊಡೆದು ಕೈ ಮುರಿದಿದ್ದ. ಸರ್ಕಾರದ ವಕೀಲರ ಜಾಗ ಖಾಲಿ. ಬೇರೆ ಕೋರ್ಟಿನವರೊಬ್ಬರು ಓಡಿ ಬಂದು ಎರಡು ಪ್ರಶ್ನೆ ಕೇಳಿ ಓಡಿಹೋಗುತ್ತಿದ್ದರು. ಹನ್ನೊಂದು ವಾಯಿದೆ. ಕೊನೆಗೆ ಹೊಡೆದವನು ಬಿಡುಗಡೆಯಾದ. ಅವನ ಪರ ವಾದಿಸಿ ಗೆದ್ದದ್ದು ವೀಕ್ಷಾಳ ಸೀನಿಯರ್ ಗಿರಿಧರ್ ಅವರ ಆಫೀಸು. ಎದ್ದು ನಿಂತು ಪಾಟೀಸವಾಲು ಮಾಡಿದ್ದು ವೀಕ್ಷಾ. ಹೊರಗೆ ವರಾಂಡದಲ್ಲಿ ಆ ಹೆಂಗಸು ಸೊಟ್ಟ ಕೈಯಲ್ಲೇ ಇವಳ ಕೋಟು ಹಿಡಿದು ಕೇಳಿದಳಂತೆ, "ಎನ್ನೋಡ ವಕ್ಕೀಲ್ ಯಾರಮ್ಮಾ?"

ನನ್ನ ವಕೀಲರು ಯಾರು, ಅಂತ.

"ನಾನು ಎಂತ ಹೇಳ್ಬೇಕಿತ್ತು ಅಪ್ಪ? ನಿನ್ನ ವಕೀಲರು ಇವತ್ತು ಬರ್ಲಿಲ್ಲ ಅಂತಲಾ?"

ಅವತ್ತಿನಿಂದ ಬಾಬಣ್ಣ ತಮಾಷೆ ನಿಲ್ಲಿಸಿದ. ಬೆಳಿಗ್ಗೆ ಐದಕ್ಕೆ ಅವಳು ಓದಲು ಕೂತರೆ ಇವನೇ ಫಿಲ್ಟರಿನ ಮೊದಲ ಡಿಕಾಕ್ಷನ್ ಹಾಕಿ ಕಾಫಿ ಕೊಡುತ್ತಿದ್ದ.

ಆಯ್ಕೆಪಟ್ಟಿಯಲ್ಲಿ ಹೆಸರು ಬಂದ ದಿನ ಭಾನುವಾರವಾಗಿರಲಿಲ್ಲ, ಆದರೂ ಹೋಟೆಲಿನಲ್ಲಿ ಎಲ್ಲರಿಗೂ ಕಾಶಿ ಹಲ್ವ. ಭಾನುವಾರದ ಗಿರಾಕಿ ಶಿವರಾಮು ವಿಷಯ ಗೊತ್ತಾಗಿ ಆಫೀಸು ಬಿಟ್ಟು ಬಂದರು. ಮಂಡ್ಯ ಕಡೆಯವರು, ಎಸ್ಟೇಟಿನ ಕಂಪನಿಯೊಂದರಲ್ಲಿ ಎಂಜಿನಿಯರು, ಮದರಾಸಿಗೆ ಬಂದು ನಾಲ್ಕು ವರ್ಷ. ಅವರ ಮಗಳು ತೇಜು ಎರಡನೇ ವರ್ಷದ ಲಾ ಓದುತ್ತಿದ್ದಳು. ವೀಕ್ಷಾ ನಡೆದಲ್ಲೆಲ್ಲ ನಡೆಯುವವಳು.

"ಏನ್ ಬಾಬಣ್ಣ, ಇನ್ಮೇಲೆ ನಿಮ್ ಸಾಂಬಾರ್‌ನಲ್ಲಿ ಉಪ್ಪು ಜಾಸ್ತಿ ಆಯ್ತು ಅಂತ ಹೇಳೋಕೂ ಭಯ ಕಣ್ರೀ. ಒಳಗಾಕ್ಸಿಬಿಡ್ತೀರ."

"ಹೇಳಿ ನೋಡಿ. ಜಾಮೀನು ಕೂಡ ಕೊಡಿಸುದಿಲ್ಲ."

*

ಪತ್ರ ಬಂದದ್ದು ಎರಡು ತಿಂಗಳ ಮೇಲೆ. ಪೊಲೀಸರು ಪ್ರತಿಯೊಬ್ಬ ಅಭ್ಯರ್ಥಿಯ ಪೂರ್ವಾಪರ ವಿಚಾರಿಸಿ ವರದಿ ಕೊಡುವುದು ಕ್ರಮ. ವೀಕ್ಷಾಳ ವರದಿಯಲ್ಲಿ, ಎಂಟು ವರ್ಷದ ಹಿಂದೆ ಸಾರ್ವಜನಿಕ ರಸ್ತೆಗೆ ಅಡ್ಡಿ ಮಾಡಿದ ಒಂದು ಪೆಟ್ಟಿ ಕೇಸಿನಲ್ಲಿ ಆಕೆ ತಪ್ಪೊಪ್ಪಿಕೊಂಡು ದಂಡ ಕಟ್ಟಿದ್ದಾಳೆ ಎಂದಿತ್ತು. ಅರ್ಜಿಯಲ್ಲಿ ಅದನ್ನು ಮುಚ್ಚಿಟ್ಟಿದ್ದೇಕೆ, ಆಯ್ಕೆಯನ್ನು ಏಕೆ ರದ್ದು ಮಾಡಬಾರದು, ಹದಿನೈದು ದಿನದೊಳಗೆ ಉತ್ತರ ಕೊಡಿ.

ವೀಕ್ಷಾ ಪತ್ರ ಹಿಡಿದು ನೇರ ಹೋಟೆಲಿಗೆ ಬಂದಳು. ಓದಿ ಹೇಳಿದಳು. ಬಾಬಣ್ಣನಿಗೆ ತಮಿಳು ಮಾತು ನೀರು ಕುಡಿದ ಹಾಗೆ, ಓದಲು ಮಾತ್ರ ಬಸ್ಸಿನ ಬೋರ್ಡಿನಷ್ಟು.

"ಇದು ಬೇರೆ ಯಾವಳೋ ವೀಕ್ಷಾ ಅಪ್ಪ. ನಾನು ಆಗ ಕಾಲೇಜಿನಲ್ಲಿದ್ದೆ, ರೋಡಿಗೆ ಎಂತ ಅಡ್ಡ ಹಾಕ್ಲಿ? ನಿಮಗೆ ಏನಾದ್ರೂ ಗೊತ್ತುಂಟಾ?"

ಆ ಕ್ಷಣಕ್ಕೆ ಬಾಬಣ್ಣನಿಗೆ ಎಲ್ಲ ನೆನಪಾಯಿತು. ಹೊರಗಿನ ಫುಟ್‌ಪಾತು, ಅದರ ಮೇಲಿಟ್ಟ ಕಾಫಿ ಮೇಜು, ಅದನ್ನು ಫೋನಿನಲ್ಲಿ ಫೋಟೋ ಹಿಡಿದುಕೊಂಡು ಹೋದ ಪೊಲೀಸಿನವನು, ಲೈಸೆನ್ಸಿನ ಓಡಾಟ ಮಾಡಿಕೊಡುತ್ತಿದ್ದ ಪಂಢರಿನಾಥ. ಬಾಯಿಗೆ ಬಂದದ್ದು ಬೇರೆ.

"ನನಗೆಂತ ಗೊತ್ತು ಮಾರಾಯ್ತಿ. ಅವರದ್ದೇ ತಪ್ಪು ಇರ್ಬೇಕು."

ಆರು ದಿನ. ಆ ಆರು ದಿನ ವೀಕ್ಷಾ ಸ್ಟೇಷನ್ನು, ಕೋರ್ಟು, ರೆಕಾರ್ಡ್ ರೂಮು ಅಲೆದಳು. ನನ್ನ ಹೆಸರಿನವಳು ಬೇರೊಬ್ಬಳಿದ್ದಾಳೆ ಎಂದು ಕಂಡಕಂಡವರಿಗೆ ಹೇಳಿದಳು. ಬಾಬಣ್ಣ ಪ್ರತಿ ಸಂಜೆ "ಎಂತ ಆಯ್ತು?" ಎಂದು ಕೇಳಿದ. ಅಷ್ಟು ಹಳೆಯ ಕಾಗದ ಇಲಿ ತಿಂದಿರಬಹುದು ಎಂಬ ಒಂದೇ ಆಸೆಯಲ್ಲಿ ಕೇಳಿದ. ಏಳನೆಯ ದಿನ ಅವಳು ಆ ತಪ್ಪೊಪ್ಪಿಗೆ ಕಾಗದದ ದೃಢೀಕೃತ ನಕಲು ತಂದು ಅವನ ಮುಂದೆ ಇಟ್ಟಳು. ಕಾಗದದ ಕೆಳಗೆ ಅವಳ ತಮಿಳು ಸಹಿ ಇತ್ತು. ಎಳೆದದ್ದಲ್ಲ, ಬಿಡಿಸಿದ್ದು. ರಂಗೋಲಿ ಬಿಡಿಸಿದ ಹಾಗೆ ನಿಧಾನಕ್ಕೆ, ಒಂದೊಂದು ಸುತ್ತೂ ದುಂಡಗೆ.

ಇದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ಬಾಬಣ್ಣ ಮೊದಲು ಹೋಟೆಲು ಇಟ್ಟದ್ದು ಪಲ್ಲಾವರದಲ್ಲಿ, ತನ್ನದೇ ಹೆಸರಿನಲ್ಲಿ. ಮುಚ್ಚಿತು. ಎರಡನೆಯದು ಹೆಂಡತಿ ಗುಣವತಿಯ ಹೆಸರಿನಲ್ಲಿ. ಅದೂ ಮುಚ್ಚಿತು. ಉಡುಪಿ ಕಡೆಯಿಂದ ಬಂದು ಮದರಾಸಿನಲ್ಲಿ ಹೋಟೆಲು ನಡೆಸುವವರಲ್ಲಿ, ಮನೆಯಲ್ಲಿ ಯಾರ ಜಾತಕ ಗಟ್ಟಿಯೋ ಅವರ ಹೆಸರಿನಲ್ಲಿ ಲೈಸೆನ್ಸು ಮಾಡಿಸುವುದು ಹೊಸತೇನಲ್ಲ. ಊರಿನ ಜೋಯಿಸರು ಮೂರೂ ಜಾತಕ ಹರಡಿ, "ಅನ್ನದ ಯೋಗ ಇರುದು ಮಗಳಿಗೆ" ಎಂದರು. ವೀಕ್ಷಾಳಿಗೆ ಹದಿನೆಂಟು ತುಂಬಿದ ತಿಂಗಳೇ ಗಿಂಡಿಯ ಈ ಹೋಟೆಲಿನ ಕಾಗದಗಳೆಲ್ಲ ಅವಳ ಹೆಸರಿಗಾದವು. ಹೋಟೆಲು ನಡೆಯಿತು. ಚೆನ್ನಾಗಿಯೇ ನಡೆಯಿತು.

ಆದರೆ ಲೈಸೆನ್ಸು ಎಂದರೆ ಒಂದು ಕಾಗದವೇ? ಕಾರ್ಪೊರೇಷನ್ನು, ಹೆಲ್ತು, ತೂಕ-ಅಳತೆ, ಗ್ಯಾಸು. ಪ್ರತಿಯೊಂದಕ್ಕೂ ಮಾಲೀಕಳ ಸಹಿ. ಮಾಲೀಕಳಿಗೆ ಪರೀಕ್ಷೆ. ಪಂಢರಿನಾಥ ಕಾಗದ ಹಿಡಿದು ನಿಂತರೆ, ಬಾಬಣ್ಣ ಮೊದಮೊದಲು ಕಾಲೇಜಿಗೆ ಕಳಿಸಿ ಸಹಿ ತರಿಸುತ್ತಿದ್ದ. ಆಮೇಲೆ ಒಂದು ಭಾನುವಾರ ಹಳೆಯ ಬಿಲ್ಲುಬುಕ್ಕಿನ ಹಿಂದೆ ಬರೆದು ಬರೆದು ಕಲಿತ. ಅಕ್ಷರ ಗೊತ್ತಿಲ್ಲದಿದ್ದರೆ ಏನಂತೆ, ಕಣ್ಣಿಗೆ ಚಿತ್ರ ಕಂಡರೆ ಕೈ ಬಿಡಿಸುತ್ತದೆ. ಮಗಳ ಹೆಸರಲ್ಲವೇ, ಅದರಲ್ಲಿ ಅವನಿಗೆ ಒಂಥರಾ ಖುಷಿಯೂ ಇತ್ತು. ಆ ಪೆಟ್ಟಿ ಕೇಸಿನ ಸಮನ್ಸು ಬಂದಾಗಲೂ ಪಂಢರಿನಾಥ, "ತಪ್ಪಾಯ್ತು ಅಂತ ಕಾಗದ ಕೊಟ್ರೆ ಯಾರೂ ಕೋರ್ಟಿಗೆ ಹೋಗುದು ಬೇಡ, ನಾನೇ ಮುಗಿಸಿ ಬರ್ತೇನೆ. ಮಗುವಿಗೆ ಪರೀಕ್ಷೆ ಅಲ್ವಾ" ಎಂದ. ಬಾಬಣ್ಣ ದೋಸೆಯ ಆರ್ಡರ್ ಕೂಗುತ್ತ ಸಹಿ ಬಿಡಿಸಿಕೊಟ್ಟ. ಮೇಜು ಒಳಗೆ ಬಂತು. ಎಲ್ಲರೂ ಮರೆತರು. ಪಂಢರಿನಾಥ ತೀರಿಕೊಂಡು ಈಗ ಮೂರು ವರ್ಷ.

"ಆರು ದಿನ ಅಪ್ಪ" ಎಂದಳು ವೀಕ್ಷಾ. ಅಷ್ಟೇ ಹೇಳಿದ್ದು. ಎಂಟು ವರ್ಷದ ಹಿಂದಿನದನ್ನು ಅವಳು ಕೇಳಲೇ ಇಲ್ಲ.

*

ಗಿರಿಧರ್ ಅವರ ಆಫೀಸು ಸೈದಾಪೇಟೆಯಲ್ಲಿ, ಮೆಟ್ಟಿಲು ಹತ್ತಿ ಮೇಲೆ. ಮೂರು ತಲೆಮಾರಿನಿಂದ ಮದರಾಸಿನವರು; ಅವರ ಕನ್ನಡಕ್ಕೆ ತಮಿಳಿನ ಒಗ್ಗರಣೆ. ಬಾಬಣ್ಣ, ಗುಣವತಿ, ವೀಕ್ಷಾ ಮೂವರನ್ನೂ ಕೂರಿಸಿ ಕಾಗದ ಎರಡು ಸಲ ಓದಿದರು.

"ನೋಡಿ ಬಾಬು ಅವ್ರೇ, ಕೇಸು ಒಂದು ವಿಷಯವೇ ಇಲ್ಲ. ಫುಟ್‌ಪಾತ್‌ನಲ್ಲಿ ಮೇಜು ಇಟ್ಟಿದ್ದಕ್ಕೆ ಯಾರೂ ಕೆಲಸ ಕಿತ್ಕೊಳ್ಳಲ್ಲ. ಇವಳು ಅರ್ಜಿಯಲ್ಲಿ 'ಉಂಟು, ದಂಡ ಕಟ್ಟಾಯ್ತು' ಅಂತ ಒಂದು ಲೈನ್ ಬರ್ದಿದ್ರೆ ಅಲ್ಲಿಗೆ ಮುಗೀತು. ಹೇಳದೇ ಇದ್ದಿದ್ದೇ ತಪ್ಪು. ಬೇರೆಯವರ ಸುಳ್ಳು ಹಿಡಿಯೋ ಕೆಲಸಕ್ಕೆ ಬರೋಳು ತಾನೇ ಮುಚ್ಚಿಟ್ಟಳು ಅಂತ ಆಗತ್ತೆ."

"ಅವಳಿಗೆ ಗೊತ್ತೇ ಇರ್ಲಿಲ್ಲ ಸರ್."

"ಗೊತ್ತಿರ್ಲಿಲ್ಲ ಅನ್ನೋದಕ್ಕೆ ಸಹಿ ಅಡ್ಡ ನಿಂತಿದೆಯಲ್ಲ. ಸಹಿ ಅವಳದ್ದಲ್ಲ ಅಂದ್ರೆ ಯಾರದ್ದು ಅಂತ ಹೇಳ್ಬೇಕು. ಹೇಳಿದ್ರೆ..." ಅವರು ಕನ್ನಡಕ ತೆಗೆದರು. "ಕೋರ್ಟಿಗೆ ಕೊಟ್ಟ ಕಾಗದದಲ್ಲಿ ಕಳ್ಳಸಹಿ. ಅದು ಪೆಟ್ಟಿ ಕೇಸಲ್ಲ. ಜೈಲು ಇದೆ, ವರ್ಷಗಟ್ಟಲೆ."

ಬಾಬಣ್ಣನ ಎದೆಯಲ್ಲಿ ಸ್ಟೆಂಟು ಇಟ್ಟು ಹದಿನೆಂಟು ತಿಂಗಳಾಗಿತ್ತು. ಅವನು ಎದೆ ಮುಟ್ಟಿಕೊಳ್ಳಲಿಲ್ಲ. "ಬರೆಯಿರಿ ಸರ್" ಎಂದ. "ನಾನೇ ಹಾಕಿದ್ದು ಅಂತ ಬರೆಯಿರಿ. ಅದಕ್ಕೆ ನನ್ನ ಸ್ವಂತ ಸಹಿ ಹಾಕ್ತೇನೆ."

"ನಿಮ್ಮ ಮನೆಯವರು ಏನು ಹೇಳ್ತಾರೆ?"

ಗುಣವತಿ ಸೆರಗಿನಿಂದ ಮುಖ ಒರೆಸಿಕೊಂಡಳು. ಮೆಟ್ಟಿಲು ಹತ್ತುವಾಗಿನಿಂದ ಅವಳು ಗಂಡನ ಜೊತೆ ಮಾತಾಡಿರಲಿಲ್ಲ. "ಬರೆದು ಕೊಡ್ಲಿ. ಹುಡುಗಿ ಮೂರು ವರ್ಷ ನಿದ್ದೆ ಬಿಟ್ಟು ಓದಿದ್ದು. ಜೈಲಿಗೆ ಬೇಕಾದ್ರೆ ಊಟ ನಾನು ತಕೊಂಡು ಹೋಗ್ತೇನೆ. ಅಲ್ಲಿಯ ಸಾಂಬಾರು ಇವ್ರಿಗೆ ಸೇರ್ಲಿಕ್ಕಿಲ್ಲ."

ಗಿರಿಧರ್ ನಕ್ಕುಬಿಟ್ಟರು. ಬಾಬಣ್ಣನೂ ನಕ್ಕ. ವೀಕ್ಷಾ ಮಾತ್ರ ಕಿಟಕಿಯಾಚೆ ನೋಡುತ್ತಿದ್ದಳು.

ಅಫಿಡವಿಟ್ಟು ಆಯಿತು. ನೋಟರಿಯ ಮುಂದೆ ಬಾಬಣ್ಣ ಸಹಿ ಹಾಕಿದ. ಹದಿನೈದನೇ ದಿನ ಅಪ್ಪ ಮಗಳು ಒಟ್ಟಿಗೆ ರೈಲಿನಲ್ಲಿ ಹೋಗಿ, ಆಮೇಲೆ ಆಟೋ ಹಿಡಿದು, ನೇಮಕಾತಿ ಆಯೋಗದ ಕಚೇರಿ ಮುಟ್ಟಿದರು. ವೀಕ್ಷಾ ಅವನನ್ನು ಹೊರಗೆ ಬೇವಿನ ಮರದ ಕೆಳಗೆ ಕಟ್ಟೆಯಲ್ಲಿ ಕೂರಿಸಿ, ನೀರಿನ ಬಾಟಲಿ ಕೊಟ್ಟು, ಫೈಲು ಹಿಡಿದು ಒಳಗೆ ಹೋದಳು. ಬರುವಾಗ ಮುಕ್ಕಾಲು ಗಂಟೆ. ಕೈಯಲ್ಲಿ ಸೀಲು ಬಿದ್ದ ನಕಲು, ನಾಲ್ಕು ಮಡಿಕೆ ಮಡಚಿದ್ದು.

"ಕೊಟ್ಟಾಯ್ತಾ ಮಗಾ?"

"ಕೊಟ್ಟಾಯ್ತು. ವಾಂಗ, ಪೋಲಾಂ."

ಬನ್ನಿ, ಹೋಗೋಣ, ಅಂತ. ಅವಳು ತಮಿಳಿಗೆ ಹೊರಳಿದಳೆಂದರೆ ಮಾತು ಸಾಕು ಎಂದರ್ಥ. ಬಾಬಣ್ಣ ಎದ್ದು ಹಿಂದೆಯೇ ಹೋದ.

ಆಮೇಲಿನ ಐದು ವಾರ ಬಾಬಣ್ಣ ಒಂಥರಾ ಹಗುರವಾಗಿದ್ದ ಎಂದರೆ ತಪ್ಪಲ್ಲ. ಒಂದು ಚೀಲದಲ್ಲಿ ಎರಡು ಪಂಚೆ, ಮಾತ್ರೆಗಳು, ಟವೆಲು ತುಂಬಿಸಿ ಕಪಾಟಿನ ಕೆಳಗಿಟ್ಟ. ಶೀನನನ್ನು ಕ್ಯಾಶಿನಲ್ಲಿ ಕೂರಿಸಿ, ಕಾರಣ ಹೇಳದೆ ಕಲಿಸಿದ; ಜೈಲಿನ ಮಾತು ಶೀನನಿಗೆ ಅವನ ಎಂದಿನ ತಮಾಷೆ.

"ನಾನಿಲ್ಲದಾಗ ಚಟ್ನಿಗೆ ನೀರು ಹೊಡೆದ್ರೆ ಜೈಲಿನಿಂದ ಫೋನು ಮಾಡ್ತೇನೆ."

"ಅಲ್ಲಿ ಫೋನು ಕೊಡುದಿಲ್ಲ ಬಾಬಣ್ಣ."

"ನನ್ನ ಮಗಳು ಸರ್ಕಾರಿ ವಕೀಲೆ ಮಾರಾಯ. ಕೊಡ್ತಾರೆ."

ಹಾದಿಯಲ್ಲಿ ಖಾಕಿ ಕಂಡರೆ ಅವನೇ ಎದ್ದು ನಿಲ್ಲುತ್ತಿದ್ದ. ಅವರು ಪಾರ್ಸೆಲ್ ಕಟ್ಟಿಸಿಕೊಂಡು ಹೋಗುತ್ತಿದ್ದರು.

*

ಬಂದದ್ದು ಪೊಲೀಸಲ್ಲ, ಆದೇಶ. ವೀಕ್ಷಾ ಅದನ್ನು ಮನೆಯಲ್ಲಿ ತೋರಿಸಲಿಲ್ಲ. ಕೆಲಸ ಆಗಲಿಲ್ಲ ಎಂದು ಅಮ್ಮನಿಗೆ ಎರಡು ಮಾತಿನಲ್ಲಿ ಹೇಳಿ ಸ್ನಾನಕ್ಕೆ ಹೋದಳು. ಬಾಬಣ್ಣ ಅವಳ ಬ್ಯಾಗಿನಿಂದ ಕಾಗದ ತೆಗೆದು ಸೀದಾ ಸೈದಾಪೇಟೆಗೆ ಹೋದ. ಗಿರಿಧರ್ ಕೋರ್ಟಿಗೆ ಹೊರಡುವವರಿದ್ದರು.

"ಇದನ್ನು ಓದಿ ಸರ್. ನನ್ನ ಅಫಿಡವಿಟ್ಟು ಅವರಿಗೆ ಸಾಕಾಗ್ಲಿಲ್ಲವಾ? ಇನ್ನೂ ಎಂತ ಬೇಕಂತೆ?"

ಗಿರಿಧರ್ ಓದಿದರು. ಓದಿ, ಮೇಲಿನಿಂದ ಮತ್ತೊಮ್ಮೆ ಓದಿದರು. ಆಮೇಲೆ ಕುರ್ಚಿಯಲ್ಲಿ ಕೂತರು.

"ನಿಮ್ಮ ಅಫಿಡವಿಟ್ ಇದರಲ್ಲಿ ಇಲ್ಲವೇ ಇಲ್ಲ."

"ಇಲ್ಲ ಅಂದ್ರೆ?"

"ಅವಳು ಅದನ್ನ ಕೊಡ್ಲೇ ಇಲ್ಲ ಬಾಬು ಅವ್ರೇ. ಬೇರೆ ಉತ್ತರ ಕೊಟ್ಟಿದ್ದಾಳೆ. ನನಗೂ ಹೇಳಿಲ್ಲ." ಅವರು ಬೆರಳಿಟ್ಟು ಒಂದೊಂದೇ ಪದ ಕನ್ನಡಕ್ಕೆ ಮಾಡಿ ಹೇಳಿದರು. "'ಸದರಿ ಕಾಗದದಲ್ಲಿರುವ ಸಹಿ ತನ್ನದೇ ಎಂದೂ, ಆ ವಿಷಯ ಮರೆತುಹೋಗಿ ಅರ್ಜಿಯಲ್ಲಿ ತಿಳಿಸಲಿಲ್ಲವೆಂದೂ ಅಭ್ಯರ್ಥಿಯೇ ಲಿಖಿತವಾಗಿ ಒಪ್ಪಿಕೊಂಡಿರುವುದರಿಂದ...' ಆಯ್ಕೆ ರದ್ದು."

ಕೆಳಗೆ ರಸ್ತೆಯಲ್ಲಿ ಯಾರೋ ನಿಂಬೆಹಣ್ಣು ಕೂಗುತ್ತಿದ್ದರು. ಬಾಬಣ್ಣನಿಗೆ ಮರದ ಕೆಳಗೆ ಕೂತ ಆ ಮುಕ್ಕಾಲು ಗಂಟೆ ಕಣ್ಣಿಗೆ ಬಂತು. ತಾನು ಕಡಲೆಕಾಯಿ ತಿನ್ನುತ್ತ ಕೂತಿದ್ದ. ಮಗಳು ಒಳಗೆ ಇದನ್ನು ಕೊಡುತ್ತಿದ್ದಳು.

"ನಾನು ಈಗಲೇ ಅಲ್ಲಿಗೆ ಹೋಗ್ತೇನೆ. ಸಾಹೇಬ್ರ ಕಾಲು ಹಿಡಿದು ಹೇಳ್ತೇನೆ. ಸಹಿ ಹಾಕಿದ್ದು ನಾನು, ಬೇಕಾದ್ರೆ ಅವರ ಎದುರೇ ಹಾಕಿ ತೋರಿಸ್ತೇನೆ."

"ಕೂತ್ಕೊಳ್ಳಿ."

"ಇಲ್ಲ ಸರ್..."

"ಕೂತ್ಕೊಳ್ಳಿ ಅಂದೆ!" ಗಿರಿಧರ್ ದನಿ ಎತ್ತಿದರು. ಆಮೇಲೆ ತಗ್ಗಿಸಿದರು. "ಈಗ ನೀವು ಹೋಗಿ ನಿಜ ಹೇಳಿದ್ರೆ ಏನಾಗತ್ತೆ ಗೊತ್ತಾ? ಸಹಿ ನಿಮ್ಮದು ಅಂತಾದ್ರೆ, ಸಹಿ ನನ್ನದೇ ಅಂತ ಸರ್ಕಾರಕ್ಕೆ ಬರೆದು ಕೊಟ್ಟವಳು ಸುಳ್ಳುಗಾರ್ತಿ. ಗೊತ್ತಿದ್ದೂ ಗೊತ್ತಿದ್ದೂ. ವಕೀಲೆ ಬೇರೆ. ಬಾರ್ ಕೌನ್ಸಿಲ್‌ಗೆ ಹೋಗತ್ತೆ. ಈಗ ಕೆಲಸ ಮಾತ್ರ ಹೋಗಿದೆ. ಆಮೇಲೆ ಕೋಟೂ ಹೋಗತ್ತೆ."

"ಹಾಗಾದ್ರೆ ನಾನು ಎಂತ ಮಾಡುದು?"

"ಏನೂ ಮಾಡಬೇಡಿ. ಯಾರ ಹತ್ರನೂ ಹೇಳಬೇಡಿ. ಗಿರಾಕಿ, ನೆಂಟರು, ಊರಲ್ಲಿ, ಎಲ್ಲೂ. ಯಾರಾದ್ರೂ ಕೇಳಿದ್ರೆ ಅವಳು ಬರ್ದಿದ್ದನ್ನೇ ನೀವೂ ಹೇಳ್ಬೇಕು. ಅರ್ಥ ಆಯ್ತಾ? ಅದೊಂದೇ ಈಗ ನೀವು ಅವಳಿಗೆ ಮಾಡ್ಬಹುದಾದ ಉಪಕಾರ."

ಬಾಬಣ್ಣ ಹೋಟೆಲಿಗೆ ಬಂದಾಗ ವೀಕ್ಷಾ ಹಿಂದಿನ ಸ್ಟೋರಿನಲ್ಲಿದ್ದಳು. ಈರುಳ್ಳಿ ಮೂಟೆಯ ಮೇಲೆ ಕೂತು, ಒದ್ದೆ ಕೂದಲು ಬೆನ್ನಿಗೆ ಬಿಟ್ಟುಕೊಂಡು, ಯಾವುದೋ ಜಾಮೀನು ಅರ್ಜಿ ಓದುತ್ತಿದ್ದಳು. ಚಿಕ್ಕವಳಿದ್ದಾಗ ಪಲ್ಲಾವರದ ಹೋಟೆಲಿನಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದುದೂ ಹೀಗೇ ಮೂಟೆಯ ಮೇಲೆ. ಅಪ್ಪನ ಕೈಯಲ್ಲಿ ಕಾಗದ ಕಂಡು ಅವಳಿಗೆ ಎಲ್ಲ ತಿಳಿಯಿತು.

"ಓದಿಸಿದ್ರಾ?"

"ಎಂತಕ್ಕೆ ಮಗಾ ಹೀಗೆ ಮಾಡಿದ್ದು? ನಾನು ತಯಾರಿದ್ದೆ ಅಲ್ವಾ? ನಾನು ಬ್ಯಾಗು ಕೂಡ ಕಟ್ಟಿ ಇಟ್ಟಿದ್ದೆ."

"ಗೊತ್ತು. ಕಪಾಟಿನ ಕೆಳಗೆ. ನಾನು ನೋಡಿದೆ." ಅವಳು ಕಾಗದ ಮಡಚಿ ಬದಿಗಿಟ್ಟಳು. "ನಿಮ್ಮ ಅಫಿಡವಿಟ್ ಮಾತ್ರ ಕೊಟ್ರೆ ಆಗುದಿಲ್ಲ ಅಪ್ಪ. ಅದರ ಮೇಲೆ ನಾನೂ ಒಂದು ಬರೆಯಬೇಕು. 'ನನ್ನ ತಂದೆ ನನ್ನ ಸಹಿಯನ್ನು ನಕಲು ಮಾಡಿದ್ದಾರೆ, ಅವರ ಮೇಲೆ ಕ್ರಮ ತೆಗೆದುಕೊಳ್ಳಲು ನನ್ನ ಆಕ್ಷೇಪ ಇಲ್ಲ.' ಟೈಪ್ ಮಾಡಿದೆ. ಪ್ರಿಂಟ್ ಕೂಡ ತೆಗೆದೆ. ಒಳಗೆ ಕೌಂಟರಿನವರೆಗೆ ಹಿಡ್ಕೊಂಡು ಹೋದೆ. ನನ್ನ ಮುಂದೆ ಇದ್ದ ಇಬ್ರೂ ಕೊಟ್ಟು ಹೋದ್ರು. ನನಗೆ ಆಗ್ಲಿಲ್ಲ. ಅಲ್ಲೇ ಬೆಂಚಿನಲ್ಲಿ ಕೂತು ಇನ್ನೊಂದನ್ನು ಕೈಯಲ್ಲೇ ಬರ್ದೆ."

"ನನ್ನ ಮೇಲೆ ಕನಿಕರವಾ ನಿನಗೆ? ಮುದುಕ, ಹಾರ್ಟಿನವ ಅಂತವಾ?"

"ಕನಿಕರ ಅಲ್ಲ!" ಅವಳು ಥಟ್ಟನೆ ತಲೆ ಎತ್ತಿದಳು. ಕಣ್ಣು ಕೆಂಪಾಗಿತ್ತು. "ಕೋಪ ಕೂಡ ಉಂಟು, ನಿಮಗೆ ಗೊತ್ತಿಲ್ಲ ಎಷ್ಟು ಅಂತ. ಸಹಿ ಹಾಕಿದ್ದಕ್ಕಲ್ಲ. ಆರು ದಿನ ನಾನು ಬಿಸಿಲಲ್ಲಿ ಅಲೆಯುವಾಗ ಕಾಫಿ ಕೊಟ್ಟು 'ಎಂತ ಆಯ್ತು' ಕೇಳಿದ್ದಕ್ಕೆ."

ಬಾಬಣ್ಣ ಅಕ್ಕಿ ಡ್ರಮ್ಮನ್ನು ಹಿಡಿದುಕೊಂಡ.

"ಪ್ರಾಸಿಕ್ಯೂಟರ್ ಅಂದ್ರೆ ಅದೇ ಕೆಲಸ ಅಪ್ಪ. ತಪ್ಪು ಮಾಡಿದವನ ಮನೆಯವ್ರು ಅಲ್ಲೇ ಕೂತು ಅಳ್ತಾ ಇರ್ತಾರೆ, ಅವರ ಎದುರೇ ನಿಂತು ಇವನೇ ಮಾಡಿದ್ದು ಅಂತ ಹೇಳ್ಬೇಕು. ನನ್ನ ಅಪ್ಪನ ಮೇಲೆ ಒಂದು ಕಾಗದ ಕೊಡ್ಲಿಕ್ಕೆ ಕೈ ಬರ್ಲಿಲ್ಲ. ನಾಳೆ ಇನ್ನೊಬ್ಬಳ ಅಪ್ಪನ ಮೇಲೆ ಯಾವ ಬಾಯಲ್ಲಿ ಹೇಳುದು? ಕೆಲಸ ಅವ್ರು ಕಿತ್ಕೊಂಡದ್ದು ಅಲ್ಲ. ಆ ಬೆಂಚಿನಲ್ಲಿ ಕೂತಾಗ್ಲೇ ಹೋಯ್ತು."

"ಇನ್ನೊಂದು ಸಲ ಪರೀಕ್ಷೆ ಕಟ್ಲಿಕ್ಕೆ..."

"ಪ್ರತಿ ಸಲ ಆ ಪ್ರಶ್ನೆ ಇರ್ತದೆ. ಇನ್ನು ಅದಕ್ಕೆ ಎರಡು ಉತ್ತರ ಬರೆಯಬೇಕು, ಕೇಸಿನದ್ದೊಂದು, ಮುಚ್ಚಿಟ್ಟು ರದ್ದಾದದ್ದೊಂದು." ಅವಳು ಮತ್ತೆ ಜಾಮೀನು ಅರ್ಜಿ ಕೈಗೆ ತೆಗೆದುಕೊಂಡಳು. "ಪೋದುಂಪ್ಪಾ. ಸಾಕು. ಹೊರಗೆ ಯಾರೋ ಬಿಲ್ಲು ಹಿಡ್ಕೊಂಡು ನಿಂತಿದ್ದಾರೆ ನೋಡಿ."

ಹೊರಗೆ ಯಾರೂ ನಿಂತಿರಲಿಲ್ಲ. ಬಾಬಣ್ಣ ಹೋಗಿ ಕ್ಯಾಶಿನಲ್ಲಿ ಕೂತ.

*

ಮಾತು ಬಾಬಣ್ಣನ ವ್ಯಾಪಾರ. ಅವನ ಹೋಟೆಲಿಗೆ ಅರ್ಧ ಜನ ಬರುವುದು ಇಡ್ಲಿಗೆ, ಇನ್ನರ್ಧ ಬಾಬಣ್ಣನ ಬಾಯಿಗೆ. ಯಾರ ಮಗಳಿಗೆ ಎಲ್ಲಿ ಸಂಬಂಧ ಕೂಡಿತು, ಯಾರಿಗೆ ಬೋನಸು ಸಿಗಲಿಲ್ಲ, ಎಲ್ಲ ಆ ಕ್ಯಾಶಿನಲ್ಲಿ ಸಿಗುತ್ತಿತ್ತು. ಈಗ ಅವನು ಚಿಲ್ಲರೆ ಕೊಟ್ಟು, "ಬನ್ನಿ" ಎನ್ನುತ್ತಿದ್ದ. ಅಷ್ಟೇ. ಮಗಳ ಕೆಲಸದ ಆರ್ಡರು ಬಂತಾ ಎಂದು ಕೇಳಿದವರಿಗೆ, "ಸ್ವಲ್ಪ ತಡ ಉಂಟು" ಎಂದು ಮೂರು ವಾರ ತಳ್ಳಿದ. ಗುಣವತಿಗೆ ನಿಜ ಹೇಳಿದ್ದ. ಅವಳು ಅವತ್ತಿಡೀ ದೇವರ ಕೋಣೆಯಿಂದ ಹೊರಗೆ ಬರಲಿಲ್ಲ. ಮರುದಿನ ಕಪಾಟಿನ ಕೆಳಗಿನ ಚೀಲ ಬಿಚ್ಚಿ ಪಂಚೆಗಳನ್ನು ಒಗೆಯಲು ಹಾಕಿದಳು. ಶೀನನಿಗೂ ಹೇಳುವಂತಿರಲಿಲ್ಲ. ಮೂವತ್ತು ವರ್ಷದಲ್ಲಿ ಶೀನನಿಗೆ ಹೇಳದೆ ಉಳಿಸಿಕೊಂಡ ಮೊದಲನೇ ವಿಷಯ ಅದು.

ಮೂರು ವಾರದ ಮೇಲಿನ ಭಾನುವಾರ ಶಿವರಾಮು ತೇಜುವನ್ನೂ ಕರೆದುಕೊಂಡು ಬಂದರು. ಹೋಟೆಲು ತುಂಬಿತ್ತು. ವೀಕ್ಷಾ ಏಳನೇ ಟೇಬಲಿನಲ್ಲಿ ಕೂತು ಸೆಟ್ ದೋಸೆ ತಿನ್ನುತ್ತಿದ್ದಳು. ತೇಜು ಅವಳ ಎದುರು ಹೋಗಿ ಕೂರಲು ಒಂದು ಹೆಜ್ಜೆ ಇಟ್ಟು, ಅಪ್ಪನ ಮುಖ ನೋಡಿ ನಿಂತಳು. ಶಿವರಾಮು ಸೀದಾ ಕ್ಯಾಶಿನ ಹತ್ತಿರ ಬಂದರು.

"ಬಾಬಣ್ಣ, ತಪ್ಪು ತಿಳ್ಕೋಬೇಡಿ. ತೇಜು ಕಾಲೇಜಲ್ಲಿ ಏನೇನೋ ಮಾತಾಡ್ತಿದಾರಂತೆ. ವೀಕ್ಷಾ ಅವರದ್ದು ಕ್ಯಾನ್ಸಲ್ ಆಯ್ತು, ಏನೋ ಕೇಸ್ ಮುಚ್ಚಿಟ್ಟಿದ್ರು ಅಂತ. ನಂಗೆ ನಂಬ್ಕೆ ಬರ್ಲಿಲ್ಲ. ನಾನು ಬೈದೆ, ಸುಮ್ನಿರು, ಬಾಬಣ್ಣನ್ನೇ ಕೇಳ್ತೀನಿ ಅಂದೆ. ಸುಳ್ಳು ತಾನೇ?"

ಬಾಬಣ್ಣ ಮಗಳ ಕಡೆ ನೋಡಿದ. ಎರಡು ಟೇಬಲು ದೂರ. ಅವಳಿಗೆ ಒಂದೊಂದು ಮಾತೂ ಕೇಳುತ್ತಿತ್ತು. ಅವಳು ತಲೆ ಎತ್ತಲಿಲ್ಲ. ದೋಸೆಯ ತುಂಡು ಕೈಯಲ್ಲೇ ನಿಂತಿತ್ತು.

ಅವನ ಗಂಟಲಿಗೆ ನಿಜ ಬಂತು. ಪೂರ್ತಿ ಬಂತು, ನಾಲಿಗೆಯ ತುದಿವರೆಗೆ: ಸಹಿ ನನ್ನದು ಸ್ವಾಮಿ, ನನ್ನ ಮಗಳು ಚಿನ್ನ, ಅವಳ ಕಾಲಿನ ಧೂಳಿಗೂ ನಾನು ಸಮ ಇಲ್ಲ.

"ಹೌದು" ಎಂದ ಬಾಬಣ್ಣ. "ಒಂದು ಸಣ್ಣ ಕೇಸು ಇತ್ತು. ಅವಳೇ ಸಹಿ ಹಾಕಿದ್ದು. ಅರ್ಜಿಯಲ್ಲಿ ಹೇಳ್ಲಿಲ್ಲ."

"ಗೊತ್ತಿದ್ದೂನಾ?"

"ಮರ್ತುಹೋಯ್ತು ಅಂತಾಳೆ."

ಶಿವರಾಮು ಒಳ್ಳೆಯ ಮನುಷ್ಯರು. ಮುಖದಲ್ಲಿ ಕಂಡದ್ದನ್ನು ಮುಚ್ಚಲು ಅವರಿಗೆ ಬರುತ್ತಿರಲಿಲ್ಲ. "ಅಯ್ಯೋ ಪಾಪ" ಎಂದರು. ಆಮೇಲೆ ತೇಜುವಿನ ಕಡೆ ತಿರುಗಿ, ತುಸು ಗಟ್ಟಿಯಾಗಿಯೇ, "ನೋಡಿದ್ಯಾ? ಅದಕ್ಕೇ ಹೇಳೋದು. ಎಷ್ಟೇ ಬುದ್ಧಿ ಇದ್ರೂ ಫಾರಂನಲ್ಲಿ ಸುಳ್ಳು ಬರೀಬಾರ್ದು ಕಣಮ್ಮ" ಎಂದರು.

ಆ ಹುಡುಗಿ ತಲೆಯಾಡಿಸಿದಳು. ಏಳನೇ ಟೇಬಲಿನಲ್ಲಿ ಎದುರು ಕುರ್ಚಿ ಖಾಲಿ ಇತ್ತು. ಅಪ್ಪ ಮಗಳು ಕಿಟಕಿಯ ಹತ್ತಿರದ ಟೇಬಲಿಗೆ ಹೋಗಿ ಕೂತರು. ಶೀನ ನೀರಿನ ಲೋಟ ಹಿಡಿದು ಕ್ಯಾಶಿನ ಮುಂದೆಯೇ ನಿಂತುಬಿಟ್ಟಿದ್ದ. ಅವನು ಆಗ ನೋಡಿದ ನೋಟವನ್ನು ಮೂವತ್ತು ವರ್ಷದಲ್ಲಿ ಬಾಬಣ್ಣ ಒಮ್ಮೆಯೂ ಕಂಡಿರಲಿಲ್ಲ.

"ಸ್ವಂತ ಮಗಳ ಮೇಲೆ ಹೀಗೆ ಹೇಳ್ಬಹುದಾ ಬಾಬಣ್ಣ?" ಎಂದ, ತಗ್ಗಿದ ದನಿಯಲ್ಲಿ. "ಅದೂ ನಾಲ್ಕು ಜನರ ಎದುರು. ಇಲ್ಲ ಅಂತ ಒಂದು ಮಾತು ಹೇಳಿದ್ರೆ ನಿಮ್ಮ ಗಂಟು ಎಂತ ಹೋಗ್ತಿತ್ತು?"

ವೀಕ್ಷಾ ಕೈ ತೊಳೆದು, ಬ್ಯಾಗು ಹೆಗಲಿಗೆ ಹಾಕಿಕೊಂಡು ಕ್ಯಾಶಿನ ಮುಂದೆ ಹಾದುಹೋಗುವಾಗ ಒಂದು ಕ್ಷಣ ನಿಂತಳು. ಅಪ್ಪನ ಮುಖ ನೋಡಿ, ಮೆಲ್ಲಗೆ ತಲೆಯಾಡಿಸಿದಳು. ಸರಿಯಾಗಿ ಹೇಳಿದಿರಿ ಎನ್ನುವ ಹಾಗೆ.

ಅದನ್ನು ಮಾತ್ರ ಬಾಬಣ್ಣನಿಗೆ ತಡೆಯಲು ಆಗಲಿಲ್ಲ. ಸರತಿಯಲ್ಲಿ ನಿಂತ ಗಿರಾಕಿ ಎರಡು ಸಲ ಬಿಲ್ಲು ಚಾಚಿದರೂ, ಅವನು ಮೇಜಿನ ಕೆಳಗೆ ಬಿದ್ದ ಏನನ್ನೋ ಹುಡುಕುವವನಂತೆ ಬಗ್ಗಿ, ಎಷ್ಟೋ ಹೊತ್ತು ಮೇಲೆ ಏಳಲಿಲ್ಲ.